ತರಗತಿಯಲ್ಲಿ ಆಫ್ರಿಕನ್ ಅಮೆರಿಕನ್ ಮಕ್ಕಳ ಸಾಹಿತ್ಯ

ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನ ತಮ್ಮ ಬದುಕು, ಚರಿತ್ರೆ, ಆಡುಮಾತು, ಕಥನಪರಂಪರೆಗಳನ್ನು ಆಧರಿಸಿ ಮಕ್ಕಳಿಗಾಗಿ ಬರೆದ ಮತ್ತು ಚಿತ್ರಿಸಿದ ಕೃತಿಗಳನ್ನು ಆಫ್ರಿಕನ್ ಅಮೆರಿಕನ್ ಮಕ್ಕಳ ಸಾಹಿತ್ಯ ಎನ್ನುತ್ತಾರೆ. ಬೇರೆಯವರು ಬರೆದಿದ್ದರೂ ಕಪ್ಪು ಮಕ್ಕಳೇ ಮುಖ್ಯ ಪಾತ್ರಗಳಾಗಿರುವ ಪುಸ್ತಕಗಳನ್ನು ಕೆಲವರು ಇದಕ್ಕೆ ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ಈ ಸಾಹಿತ್ಯಕ್ಕೂ ಶಾಲೆಗೂ ಇರುವ ನಂಟು ಬಹಳ ಹಳೆಯದು. ಪಠ್ಯಪುಸ್ತಕ ಹೇಳದೆ ಬಿಟ್ಟದ್ದನ್ನು ಹೇಳುವುದಕ್ಕಾಗಿಯೇ ಇದರ ಬಹುಭಾಗ ಹುಟ್ಟಿತು. ಅದನ್ನು ಬೆಳೆಸಿದವರಲ್ಲಿ ಸಾಹಿತಿಗಳಷ್ಟೇ ಶಿಕ್ಷಕರೂ ಗ್ರಂಥಪಾಲಕಿಯರೂ ಇದ್ದಾರೆ.

ಆ ನಂಟು ಎಂಥದೆಂದು ತಿಳಿಯಲು ಮಿಲ್ಡ್ರೆಡ್ ಡಿ. ಟೇಲರ್ ಅವರ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ (1976) ಕಾದಂಬರಿಯ ಮೊದಲ ಅಧ್ಯಾಯ ಸಾಕು. ಕಥೆ ನಡೆಯುವುದು 1933ರ ಮಿಸಿಸಿಪಿಯಲ್ಲಿ. ಕಪ್ಪು ಮಕ್ಕಳ ಬಡ ಶಾಲೆಯಲ್ಲಿ ಈ ಸಲ ಪ್ರತಿಯೊಬ್ಬರಿಗೂ ಪುಸ್ತಕ ಸಿಗುತ್ತದೆಂದು ಶಿಕ್ಷಕಿ ಹೆಮ್ಮೆಯಿಂದ ಸಾರುತ್ತಾಳೆ. ಆರು ವರ್ಷದ ‘ಲಿಟ್ಲ್ ಮ್ಯಾನ್’ ಬಟ್ಟೆಯ ಮೇಲೆ ಧೂಳು ಕೂತರೂ ಸಹಿಸದ ಹುಡುಗ. ತನಗೆ ಕೊಟ್ಟ ಪುಸ್ತಕ ಕೊಳೆಯಾಗಿದೆ, ಬೇರೆ ಕೊಡಿ ಎನ್ನುತ್ತಾನೆ, ಗದರಿಸಿಕೊಳ್ಳುತ್ತಾನೆ. ಆಮೇಲೆ ರಟ್ಟಿನ ಒಳಮೈಯಲ್ಲಿ ಅಂಟಿಸಿದ್ದ ಪಟ್ಟಿ ಅವನ ಕಣ್ಣಿಗೆ ಬೀಳುತ್ತದೆ. ಪುಸ್ತಕ ಯಾವ ವರ್ಷ, ಯಾವ ಸ್ಥಿತಿಯಲ್ಲಿ, ಯಾವ ಜನಾಂಗದ ಮಗುವಿಗೆ ಹೋಯಿತೆಂಬ ಲೆಕ್ಕ ಅದು. ಹೊಸದಾಗಿದ್ದಾಗಿನಿಂದ ವರ್ಷಾನುವರ್ಷ ಬಿಳಿಯ ಮಕ್ಕಳ ಕೈಯಲ್ಲಿ ಸವೆದು, ಇನ್ನು ಯಾರಿಗೂ ಬೇಡವೆನ್ನುವಷ್ಟು ಹಾಳಾದ ಮೇಲೆ ಅದು ಕಪ್ಪು ಮಗುವಿಗೆ ಬಂದಿದೆ. ಆ ಮಗುವಿನ ಜನಾಂಗವನ್ನು ಹೀನಾಯದ ಪದದಿಂದ ನಮೂದಿಸಲಾಗಿದೆ. ಹುಡುಗ ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ. ಅವನೂ, ಅವನ ಪರ ನಿಂತ ಅಕ್ಕ ಕ್ಯಾಸಿಯೂ ಏಟು ತಿನ್ನುತ್ತಾರೆ. ಅದೇ ಶಾಲೆಯಲ್ಲಿ ಪಾಠ ಹೇಳುವ ಅವರ ತಾಯಿ ಮೇರಿ ವಾದ ಮಾಡದೆ, ಕಾಗದ ಕತ್ತರಿಸಿ ಆ ಪಟ್ಟಿಗಳ ಮೇಲೆ ಅಂಟಿಸುತ್ತ ಕೂರುತ್ತಾಳೆ. ಮುಂದೆ, ಪಠ್ಯದಲ್ಲಿಲ್ಲದ ಗುಲಾಮಗಿರಿಯ ಚರಿತ್ರೆಯನ್ನು ಕಲಿಸಿದ್ದಕ್ಕೆ ಅವಳ ಕೆಲಸವೇ ಹೋಗುತ್ತದೆ. ಈ ಕಾದಂಬರಿಗೆ 1977ರಲ್ಲಿ, ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ನ್ಯೂಬೆರಿ ಪದಕ ಬಂತು. ಅಮೆರಿಕದ ಶಾಲೆಗಳಲ್ಲಿ ಇಂದಿಗೂ ಪಾಠವಾಗುವ ಪುಸ್ತಕ ಇದು. ಪಠ್ಯಪುಸ್ತಕ ಮಗುವನ್ನು ಹೇಗೆ ಅವಮಾನಿಸಬಲ್ಲದೆಂಬುದನ್ನು ತರಗತಿಯಲ್ಲೇ ಕೂತು ಓದುವಂತೆ ಮಾಡಿದ ಟೇಲರ್ ಅವರ ಜಾಣ್ಮೆಗೆ ಸಾಟಿಯಿಲ್ಲ.

ಆರಂಭ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೀಲಿಯಾ ಇ. ಜಾನ್ಸನ್ ಅವರ ‘ಕ್ಲಾರೆನ್ಸ್ ಆ್ಯಂಡ್ ಕೊರಿನ್’ (1890) ಮುಂತಾದವು ಬಂದಿದ್ದವು. ಆದರೆ ಸ್ಪಷ್ಟ ಉದ್ದೇಶ ಇಟ್ಟುಕೊಂಡ ಮೊದಲ ದೊಡ್ಡ ಪ್ರಯತ್ನ ‘ದಿ ಬ್ರೌನೀಸ್ ಬುಕ್’ ಎಂಬ ಮಾಸಪತ್ರಿಕೆ. ಡಬ್ಲ್ಯು.ಇ.ಬಿ. ಡು ಬಾಯ್ಸ್ ಮತ್ತು ಆಗಸ್ಟಸ್ ಡಿಲ್ ಅದನ್ನು 1920ರ ಜನವರಿಯಲ್ಲಿ ಆರಂಭಿಸಿದರು, ಸಾಹಿತ್ಯ ವಿಭಾಗ ಜೆಸ್ಸಿ ಫಾಸೆಟ್ ಅವರದು. ಬಿಡಿ ಸಂಚಿಕೆಯ ಬೆಲೆ 15 ಸೆಂಟ್, ವರ್ಷದ ಚಂದಾ ಒಂದೂವರೆ ಡಾಲರ್. ಡು ಬಾಯ್ಸ್‌ಗೆ ಒಂದು ಚಿಂತೆ ಕಾಡುತ್ತಿತ್ತು. ಅವರು ಸಂಪಾದಿಸುತ್ತಿದ್ದ ‘ದಿ ಕ್ರೈಸಿಸ್’ ಪತ್ರಿಕೆ, ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವ ಕೃತ್ಯಗಳ ವರದಿಯನ್ನು ತಪ್ಪದೆ ಅಚ್ಚುಹಾಕುತ್ತಿತ್ತು. ಮಕ್ಕಳೂ ಅದನ್ನೇ ಓದುತ್ತಿದ್ದರು. ಬಿಳಿಯರ ಮೇಲೆ ತನಗೆ ದ್ವೇಷ ಹುಟ್ಟಿದೆಯೆಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬರೆದ ಪತ್ರ ಅವರನ್ನು ಅಲ್ಲಾಡಿಸಿತು. ಸತ್ಯವನ್ನು ಮುಚ್ಚಿಡಬಾರದು, ಆದರೆ ಮಕ್ಕಳ ಮನಸ್ಸು ಕಹಿಯಾಗಲೂಬಾರದು. ನೂರು ವರ್ಷ ಕಳೆದರೂ ತರಗತಿಯ ಶಿಕ್ಷಕರು ಒದ್ದಾಡುತ್ತಿರುವುದು ಈ ಇಕ್ಕಟ್ಟಿನಲ್ಲೇ. ಪತ್ರಿಕೆ 24 ಸಂಚಿಕೆ ಹೊರತಂದು 1921ರ ಡಿಸೆಂಬರಿನಲ್ಲಿ ನಿಂತಿತು. ಲ್ಯಾಂಗ್ಸ್‌ಟನ್ ಹ್ಯೂಸ್ ಅವರ ತೀರ ಮೊದಲಿನ ಕೆಲವು ಕವನಗಳು ಅದರಲ್ಲೇ ಪ್ರಕಟವಾದವು.

ಚರಿತ್ರಕಾರ ಕಾರ್ಟರ್ ಜಿ. ವುಡ್ಸನ್ ಹಿಡಿದ ದಾರಿ ನೇರವಾಗಿ ಶಾಲೆಯತ್ತ ಸಾಗುವಂಥದು. 1926ರಲ್ಲಿ ಫೆಬ್ರವರಿಯ ಎರಡನೆಯ ವಾರವನ್ನು ಕಪ್ಪು ಜನರ ಚರಿತ್ರೆಯ ವಾರವಾಗಿ ಆಚರಿಸಲು ಅವರು ಕರೆಕೊಟ್ಟರು. ಲಿಂಕನ್ ಮತ್ತು ಫ್ರೆಡರಿಕ್ ಡಗ್ಲಸ್ ಹುಟ್ಟುಹಬ್ಬಗಳು ಆ ವಾರದಲ್ಲಿ ಬರುತ್ತಿದ್ದವು. 1937ರಿಂದ ಶಿಕ್ಷಕರಿಗೆಂದೇ ‘ನೀಗ್ರೋ ಹಿಸ್ಟರಿ ಬುಲೆಟಿನ್’ ಹೊರಡಿಸಿದರು. ಆ ವಾರವೇ 1976ರಲ್ಲಿ ಇಡೀ ತಿಂಗಳಾಯಿತು.

ಗ್ರಂಥಪಾಲಕಿಯರ ಕೆಲಸ ಇದಕ್ಕಿಂತ ಸದ್ದಿಲ್ಲದ್ದು, ಬಹುಶಃ ಇದಕ್ಕಿಂತ ಆಳಕ್ಕೆ ಇಳಿದದ್ದು. ಷಿಕಾಗೊದ ಜಾರ್ಜ್ ಕ್ಲೀವ್‌ಲ್ಯಾಂಡ್ ಹಾಲ್ ಶಾಖಾ ಗ್ರಂಥಾಲಯದಲ್ಲಿದ್ದ ಶಾರ್ಲಮೇ ಹಿಲ್ ರಾಲಿನ್ಸ್ 1941ರಲ್ಲಿ ‘ವಿ ಬಿಲ್ಡ್ ಟುಗೆದರ್’ ಎಂಬ ಮಾರ್ಗದರ್ಶಿಯನ್ನು ಸಿದ್ಧಪಡಿಸಿದರು. ಶಾಲೆಗಳು ಯಾವ ಪುಸ್ತಕ ತರಿಸಬಹುದು, ಯಾವುದನ್ನು ದೂರ ಇಡಬೇಕು ಎಂಬುದನ್ನು ಅದು ಹೇಳಿತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, 135ನೆಯ ಬೀದಿಯ ಶಾಖೆಯಲ್ಲಿ, ಆಗಸ್ಟಾ ಬೇಕರ್ 1930ರ ದಶಕದ ಕೊನೆಯಲ್ಲಿ ಕಪ್ಪು ಮಕ್ಕಳನ್ನು ಮರ್ಯಾದೆಯಿಂದ ಚಿತ್ರಿಸಿದ ಪುಸ್ತಕಗಳನ್ನು ಆರಿಸಿ ಪ್ರತ್ಯೇಕ ಸಂಗ್ರಹ ಕಟ್ಟಿದರು. ಕಪಾಟು ತುಂಬಲು ಪುಸ್ತಕ ಸಾಲದಾದಾಗ ಪ್ರಕಾಶಕರಿಗೆ ಪತ್ರ ಬರೆದು, ಇಂಥವು ಬೇಕೆಂದು ಒತ್ತಾಯಿಸಿದರು. ಬೇಕರ್ ಹೆಸರಾಂತ ಕಥೆಗಾರ್ತಿಯೂ ಹೌದು. ಕಥೆ ಹೇಳಿ ಹೇಳಿ, ಮಕ್ಕಳು ಎಲ್ಲಿ ಮುದುಡುತ್ತಾರೆ, ಎಲ್ಲಿ ಅರಳುತ್ತಾರೆ ಎಂದು ಕಂಡವರ ಆಯ್ಕೆ ಅದು.

ಈ ಗ್ರಂಥಪಾಲಕಿಯರು ದೂರ ಇಡಬೇಕೆಂದ ಪುಸ್ತಕಗಳಲ್ಲಿ ಹೆಚ್ಚು ಕುಖ್ಯಾತವಾದದ್ದು ‘ಲಿಟ್ಲ್ ಬ್ಲ್ಯಾಕ್ ಸ್ಯಾಂಬೊ’ (1899). ಅದರ ಬೇರು ದಕ್ಷಿಣ ಭಾರತದಲ್ಲಿದೆ. ಬರೆದ ಹೆಲೆನ್ ಬ್ಯಾನರ್‌ಮನ್ ಸ್ಕಾಟ್ಲೆಂಡಿನವರು, ವೈದ್ಯರಾಗಿದ್ದ ಗಂಡನ ಸರ್ಕಾರಿ ಕೆಲಸದಿಂದಾಗಿ ಮದರಾಸಿನ ಕಡೆ ನೆಲೆಸಿದ್ದರು. ಕಥೆಯಲ್ಲಿ ಹುಲಿಗಳಿವೆ. ಮರದ ಸುತ್ತ ಓಡಿ ಓಡಿ ಅವು ಕರಗಿ ತುಪ್ಪವಾಗುತ್ತವೆ. ಆದರೆ ಚಿತ್ರಗಳಲ್ಲಿ ಹುಡುಗನ ರೂಪ ಕಪ್ಪು ಜನರನ್ನು ಗೇಲಿಮಾಡುವ ವಿಕಾರದ್ದು. ಅಮೆರಿಕಕ್ಕೆ ಹೋದ ಮೇಲೆ ಅಲ್ಲಿನ ಮರುಮುದ್ರಣಗಳು ಆ ವಿಕಾರವನ್ನು ಇನ್ನಷ್ಟು ಉಬ್ಬಿಸಿದವು, ‘ಸ್ಯಾಂಬೊ’ ಎಂಬುದು ಶಾಲೆಯಂಗಳದ ಬೈಗುಳವಾಯಿತು. ಕಥೆಯ ಮಜಾ ಮಾತ್ರ ನಿಜವಾದದ್ದು. ಜೂಲಿಯಸ್ ಲೆಸ್ಟರ್ ಮತ್ತು ಚಿತ್ರಕಾರ ಜೆರಿ ಪಿಂಕ್ನಿ ಅದನ್ನು ‘ಸ್ಯಾಮ್ ಆ್ಯಂಡ್ ದಿ ಟೈಗರ್ಸ್’ (1996) ಎಂದು ಹೊಸದಾಗಿ ಹೇಳಿ ಉಳಿಸಿಕೊಂಡರು. ಹಳೆಯ ಮತ್ತು ಹೊಸ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಕಥೆಯಲ್ಲಿ ಏನು ಬದಲಾಯಿತೆಂದು ಕೇಳುವುದು ಹಿರಿಯ ತರಗತಿಗಳಿಗೆ ಒಳ್ಳೆಯ ಪಾಠ. ಪುಟ್ಟ ಮಕ್ಕಳ ಮುಂದೆ ಹಳೆಯದನ್ನು ತರುವ ಅಗತ್ಯವಿಲ್ಲ.

1965 ಮತ್ತು ಅನಂತರ

1954ರಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ತೀರ್ಪಿತ್ತಿತು. ಕಪ್ಪು, ಬಿಳಿ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ಕಾಲ ಕುಂಟುತ್ತ ಬಂದರೂ ಕೋಣೆಯೊಳಗಿನ ಪುಸ್ತಕಗಳು ಬದಲಾಗಲಿಲ್ಲ. ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ 1965ರ ಸೆಪ್ಟೆಂಬರಿನಲ್ಲಿ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಯಲ್ಲಿ ಇದರ ಲೆಕ್ಕ ಮುಂದಿಟ್ಟರು. 1962ರಿಂದ 1964ರವರೆಗೆ ಹೊರಬಂದ 5,206 ಮಕ್ಕಳ ಪುಸ್ತಕಗಳಲ್ಲಿ ಕನಿಷ್ಠ ಒಬ್ಬ ಕಪ್ಪು ವ್ಯಕ್ತಿಯಾದರೂ ಇದ್ದದ್ದು 349ರಲ್ಲಿ, ಅಂದರೆ ಶೇ. 6.7. ಸಮಕಾಲೀನ ಕಪ್ಪು ಬದುಕಿನ ಕಥೆಗಳು ಶೇ. ಒಂದನ್ನೂ ಮುಟ್ಟಿರಲಿಲ್ಲ. ಪುಸ್ತಕಗಳಲ್ಲಿ ಯಾವಾಗಲೂ ಬಿಳಿಯ ಮಕ್ಕಳೇ ಏಕೆ ಎಂದು ಐದು ವರ್ಷದ ಹುಡುಗಿ ಕೇಳಿದ್ದು ಈ ಲೇಖನಕ್ಕೆ ಪ್ರೇರಣೆ.

ಆ ನಡುವೆ ಬಂದಿದ್ದ ಎಜ್ರಾ ಜ್ಯಾಕ್ ಕೀಟ್ಸ್ ಅವರ ‘ದಿ ಸ್ನೋಯಿ ಡೇ’ (1962) ಚಿತ್ರಪುಸ್ತಕ ಬೇರೆಯೇ ಜಾತಿಯದು. ಪೀಟರ್ ಎಂಬ ಕಪ್ಪು ಹುಡುಗ ಕೆಂಪು ಅಂಗಿ ತೊಟ್ಟು ಹಿಮದಲ್ಲಿ ಆಡುತ್ತಾನೆ, ಅಷ್ಟೇ ಕಥೆ. ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಪದಕ 1963ರಲ್ಲಿ ಅದಕ್ಕೆ ದೊರೆಯಿತು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ, ಅಲ್ಲಿಂದ ಅತಿ ಹೆಚ್ಚು ಸಲ ಎರವಲು ಹೋದ ಪುಸ್ತಕವೂ ಅದೇ. ಕೀಟ್ಸ್ ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬದವರು. ಪೀಟರನ ಬಣ್ಣದ ಬಗ್ಗೆ ಪುಸ್ತಕ ಒಂದು ಮಾತೂ ಆಡುವುದಿಲ್ಲ. ಅದು ಅದರ ಗುಣವೋ ಕೊರತೆಯೋ ಎಂಬ ಜಗಳ ಹಳೆಯದು. ಕಪ್ಪು ಮಗುವಿಗೂ ಸುಮ್ಮನೆ ಆಡುವ ಒಂದು ದಿನ ಇರಬಹುದೆಂದು ತೋರಿಸಿದ್ದು ಸಣ್ಣ ಸಂಗತಿಯಲ್ಲ ಎಂಬುದು ಈ ಲೇಖಕನ ಮತ.

ಅಲ್ಲಿಂದ ಮುಂದೆ ಬೆಳೆ ಹುಲುಸಾಯಿತು. ಕಪ್ಪು ಲೇಖಕರ ಕೃತಿಗಳಿಗೆಂದೇ ಮೀಸಲಾದ ಕೊರೆಟಾ ಸ್ಕಾಟ್ ಕಿಂಗ್ ಪ್ರಶಸ್ತಿ 1970ರಲ್ಲಿ ಮೊದಲ ಬಾರಿ ನೀಡಲ್ಪಟ್ಟಿತು. ವರ್ಜೀನಿಯಾ ಹ್ಯಾಮಿಲ್ಟನ್ 1975ರಲ್ಲಿ ನ್ಯೂಬೆರಿ ಪಡೆದ ಮೊದಲ ಕಪ್ಪು ಲೇಖಕಿಯಾದರು. ಚಿತ್ರಕಾರ ಲಿಯೊ ಡಿಲನ್ ಹೆಂಡತಿ ಡಯಾನ್ ಜೊತೆ 1976, 1977ರಲ್ಲಿ ಸಾಲಾಗಿ ಕಾಲ್ಡೆಕಾಟ್ ಗೆದ್ದರು. ಪ್ರಶಸ್ತಿಗಳಿಗಿಂತ ಹೆಚ್ಚು ಹೇಳುವುದು ಒಂದು ಪುಸ್ತಕ ಇನ್ನೊಂದನ್ನು ಹುಟ್ಟಿಸಿದ ಬಗೆ. ಜಾನ್ ಸ್ಟೆಪ್ಟೊ ಇನ್ನೂ ಹದಿಹರೆಯದಲ್ಲಿದ್ದಾಗ ಹೊರತಂದ ‘ಸ್ಟೀವಿ’ (1969) ಚಿತ್ರಪುಸ್ತಕದಲ್ಲಿ, ಮನೆಯಲ್ಲಿ ಬಿಟ್ಟುಹೋದ ಪುಟ್ಟ ಹುಡುಗನ ಕಾಟಕ್ಕೆ ರಾಬರ್ಟ್ ಗೊಣಗುತ್ತಾನೆ, ಅವನು ಹೋದ ಮೇಲೆ ಹಂಬಲಿಸುತ್ತಾನೆ. ಗೊಣಗುವುದೂ ಬೀದಿಯ ಕಪ್ಪು ಮಕ್ಕಳ ಮಾತಿನಲ್ಲೇ. ಓದಿನಲ್ಲಿ ನಿಧಾನವೆನಿಸಿಕೊಂಡ ಹುಡುಗಿಯೊಬ್ಬಳು ಗ್ರಂಥಾಲಯದಲ್ಲಿ ಆ ಪುಸ್ತಕ ಎತ್ತಿಕೊಂಡು, ತನ್ನಂಥವರೂ ಪುಸ್ತಕದೊಳಗೆ ಇರಬಹುದು, ತನಗೂ ಹೇಳಲು ಕಥೆಯಿದೆ ಎಂದು ಕಂಡುಕೊಂಡಳು. ಆಕೆ ಜ್ಯಾಕ್ವೆಲಿನ್ ವುಡ್ಸನ್. ಈ ಪ್ರಸಂಗ ಅವರ ಪದ್ಯರೂಪದ ಆತ್ಮಕಥೆ ‘ಬ್ರೌನ್ ಗರ್ಲ್ ಡ್ರೀಮಿಂಗ್’ (2014) ಕೃತಿಯಲ್ಲಿದೆ. ಆ ಕೃತಿಗೆ ನ್ಯಾಷನಲ್ ಬುಕ್ ಅವಾರ್ಡ್ ಸಂದಿತು.

ಆಯ್ಕೆಯ ಒರೆಗಲ್ಲು

ಪುಸ್ತಕದಲ್ಲಿ ಕಪ್ಪು ಮುಖ ಇದ್ದ ಮಾತ್ರಕ್ಕೆ ಅದು ತರಗತಿಗೆ ಯೋಗ್ಯವೇ? ಈ ಪ್ರಶ್ನೆಗೆ ವ್ಯವಸ್ಥಿತ ಉತ್ತರ ಕೊಟ್ಟವರು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ರೂಡೀನ್ ಸಿಮ್ಸ್ ಬಿಷಪ್. 1965ರಿಂದ 1979ರವರೆಗಿನ 150 ಕಥಾಪುಸ್ತಕಗಳನ್ನು ಓದಿ, ‘ಶ್ಯಾಡೊ ಆ್ಯಂಡ್ ಸಬ್‌ಸ್ಟೆನ್ಸ್’ (1982) ಕೃತಿಯಲ್ಲಿ ಅವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಬಿಳಿಯ ಓದುಗರಲ್ಲಿ ಕನಿಕರ ಹುಟ್ಟಿಸಲು ಬರೆದವು ಮೊದಲ ಬಗೆ. ಬಿಳಿಯರ ಶಾಲೆಗೆ ಮೊದಲ ಸಲ ಹೋಗುವ ಕಪ್ಪು ಮಗುವಿನ ಕಥೆಗಳು ಹೆಚ್ಚಾಗಿ ಇಲ್ಲಿ ಸೇರುತ್ತವೆ. ಎಲ್ಲರೂ ಒಂದೇ ಎಂದು ತೋರಿಸಲು ವ್ಯತ್ಯಾಸಗಳನ್ನೇ ಅಳಿಸಿಬಿಟ್ಟವು ಎರಡನೆಯವು. ಕಪ್ಪು ಮಗುವಿನ ಕಣ್ಣಿನಿಂದಲೇ ಮನೆ, ಅಜ್ಜಿ, ಚರ್ಚು, ಊಟ, ಮಾತು ಎಲ್ಲವನ್ನೂ ಕಂಡು ಬರೆದವು ಮೂರನೆಯವು. 1990ರಲ್ಲಿ ಬಿಷಪ್ ಬರೆದ ಪುಟ್ಟ ಪ್ರಬಂಧ ಇನ್ನೂ ಹೆಚ್ಚು ಪ್ರಚಾರ ಪಡೆಯಿತು. ಪುಸ್ತಕ ಒಮ್ಮೆ ಕಿಟಕಿ, ಒಮ್ಮೆ ದಾಟಿಹೋಗಬಹುದಾದ ಗಾಜಿನ ಬಾಗಿಲು, ಬೆಳಕು ಸರಿಯಾಗಿ ಬಿದ್ದಾಗ ಕನ್ನಡಿ ಎಂಬುದು ಅದರ ಸಾರ. ಈಗ ಅಮೆರಿಕದ ಶಿಕ್ಷಕರ ತರಬೇತಿಯಲ್ಲಿ ಈ ರೂಪಕ ಸವೆಯುವಷ್ಟು ಬಳಕೆಯಾಗಿದೆ. ಕನ್ನಡಿ ಕಪ್ಪು ಮಗುವಿಗೆ, ಕಿಟಕಿ ಬಿಳಿಯ ಮಗುವಿಗೆ ಎಂದು ಹಂಚಿಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ತನ್ನನ್ನಷ್ಟೇ ಎಲ್ಲೆಲ್ಲೂ ಕಾಣುವ ಮಗುವಿಗೂ ನಷ್ಟವಿದೆ ಎಂದು ಬಿಷಪ್ ಸ್ಪಷ್ಟವಾಗಿಯೇ ಹೇಳಿದ್ದರು.

ಬರೆದವರ ಬಣ್ಣ ನೋಡಿ ಆರಿಸಿದರೂ ಎಡವುವ ಸಾಧ್ಯತೆ ಇದೆ. ‘ಎ ಬರ್ತ್‌ಡೇ ಕೇಕ್ ಫಾರ್ ಜಾರ್ಜ್ ವಾಷಿಂಗ್ಟನ್’ ಎಂಬ ಚಿತ್ರಪುಸ್ತಕಕ್ಕೆ ಚಿತ್ರ ಬರೆದವರು ಕಪ್ಪು ಕಲಾವಿದೆ. ಅಧ್ಯಕ್ಷರ ಗುಲಾಮನಾಗಿದ್ದ ಅಡುಗೆಯವ ಹರ್ಕ್ಯುಲಿಸ್ ಮಗಳೊಂದಿಗೆ ನಗುನಗುತ್ತ ಕೇಕ್ ಮಾಡುವ ಕಥೆ ಅದು. ಗುಲಾಮಗಿರಿಯನ್ನು ಹಗುರಮಾಡಿದೆ ಎಂಬ ಆಕ್ಷೇಪ ಎದ್ದು, 2016ರ ಜನವರಿಯಲ್ಲಿ ಸ್ಕೊಲಾಸ್ಟಿಕ್ ಸಂಸ್ಥೆ ಅದನ್ನು ಹಿಂತೆಗೆದುಕೊಂಡಿತು. ನಿಜವಾದ ಹರ್ಕ್ಯುಲಿಸ್ 1797ರ ಫೆಬ್ರವರಿ 22ರಂದು, ವಾಷಿಂಗ್ಟನ್ನರ ಹುಟ್ಟುಹಬ್ಬದ ದಿನವೇ, ತಪ್ಪಿಸಿಕೊಂಡು ಹೋದ. ಮಕ್ಕಳಿಗೆ ಹೇಳಬಹುದಾಗಿದ್ದ ಕಥೆ ಅದಾಗಿತ್ತು.

ಓದಿಸುವ ಕ್ರಮ

ಗ್ಲೋರಿಯಾ ಲ್ಯಾಡ್ಸನ್-ಬಿಲಿಂಗ್ಸ್ ಅವರ ‘ದಿ ಡ್ರೀಮ್‌ಕೀಪರ್ಸ್’ (1994) ಕಪ್ಪು ಮಕ್ಕಳಿಗೆ ಚೆನ್ನಾಗಿ ಕಲಿಸುತ್ತಿದ್ದ ಎಂಟು ಶಿಕ್ಷಕಿಯರ ಅಧ್ಯಯನ. ಅವರಲ್ಲಿ ಕಪ್ಪು, ಬಿಳಿ ಇಬ್ಬರೂ ಇದ್ದರು, ಪಾಠದ ಶೈಲಿ ಒಬ್ಬೊಬ್ಬರದು ಒಂದೊಂದು. ಮಕ್ಕಳು ಮನೆಯಿಂದ ತಂದ ತಿಳಿವಳಿಕೆಯನ್ನು ಹೊಸ್ತಿಲಾಚೆ ಬಿಡಿಸದೆ ಪಾಠಕ್ಕೆ ಎಳೆದುಕೊಳ್ಳುವುದು ಮಾತ್ರ ಎಲ್ಲರಲ್ಲೂ ಇತ್ತು. ಈ ಸಾಹಿತ್ಯವನ್ನು ಓದಿಸುವ ಪದ್ಧತಿಗಳಿಗೆಲ್ಲ ಇದೇ ತಳಪಾಯ.

ಇಲ್ಲಿ ಗಟ್ಟಿ ಓದಿಗೆ ವಿಶೇಷ ಸ್ಥಾನವಿದೆ. ಕಪ್ಪು ಚರ್ಚುಗಳಲ್ಲಿ, ಹಾಡುಗಳಲ್ಲಿ ಒಬ್ಬರು ಹೇಳಿದ್ದಕ್ಕೆ ಉಳಿದವರು ದನಿಗೂಡಿಸುವ ರೂಢಿ ಪುಸ್ತಕಗಳಿಗೂ ಇಳಿದಿದೆ. ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟದಿದ್ದರೆ ಅಜ್ಜಿ ಮುಂದುವರಿಯುವುದಿಲ್ಲವಲ್ಲ, ಹಾಗೆ. ಎಲೋಯಿಸ್ ಗ್ರೀನ್‌ಫೀಲ್ಡ್ ಅವರ ‘ಹನಿ, ಐ ಲವ್’ (1978) ಸಂಕಲನದ ಕವನಗಳನ್ನು ಮೌನವಾಗಿ ಓದಿಸಿ ಪ್ರಶ್ನೋತ್ತರ ಬರೆಸಿದರೆ ಅವುಗಳ ಉಸಿರೇ ಹೋಗುತ್ತದೆ. ಕವನ ಮೊದಲು ಬಾಯಿಗೆ ಬರಬೇಕು, ಚಪ್ಪಾಳೆಗೆ ಸಿಗಬೇಕು.

ಆದರೆ ಗಟ್ಟಿ ಓದು ಶಿಕ್ಷಕರನ್ನು ಪೇಚಿಗೂ ಸಿಕ್ಕಿಸಬಹುದು. ಕ್ಯಾರೊಲಿವಿಯಾ ಹೆರನ್ ಅವರ ‘ನ್ಯಾಪಿ ಹೇರ್’ (1997) ಕಪ್ಪು ಹುಡುಗಿಯ ಗುಂಗುರು ಕೂದಲನ್ನು ಮನೆಮಂದಿಯೆಲ್ಲ ಸೇರಿ ಕೊಂಡಾಡುವ, ಹೇಳಿಕೆ–ಮರುದನಿಯ ಧಾಟಿಯ ಪುಸ್ತಕ. 1998ರಲ್ಲಿ ಬ್ರೂಕ್ಲಿನ್ನಿನ ಒಬ್ಬ ಬಿಳಿಯ ಶಿಕ್ಷಕಿ ಅದನ್ನು ಮೂರನೆಯ ತರಗತಿಯಲ್ಲಿ ಓದಿದರು. ಮಕ್ಕಳಿಗೆ ಇಷ್ಟವಾಯಿತು. ಕೆಲವು ಪುಟಗಳ ನೆರಳಚ್ಚು ಪ್ರತಿ ಮನೆಗೆ ಹೋದಾಗ ಮಾತ್ರ ಪೋಷಕರು ಸಿಡಿದೆದ್ದರು. ಶೀರ್ಷಿಕೆಯ ಪದ ಅವರಿಗೆ ಗೊತ್ತಿದ್ದದ್ದು ಬೈಗುಳವಾಗಿ. ಬಣ್ಣವಿಲ್ಲದ ಪ್ರತಿಯಲ್ಲಿ ಚಿತ್ರದ ಲವಲವಿಕೆಯೂ ಅಳಿಸಿಹೋಗಿತ್ತು. ಶಿಕ್ಷಕಿ ಕೊನೆಗೆ ಆ ಶಾಲೆಯನ್ನೇ ಬಿಟ್ಟರು. ಪುಸ್ತಕ ಬರೆದವರು ಕಪ್ಪು ಪ್ರಾಧ್ಯಾಪಕಿ, ತಮ್ಮ ಕೂದಲಿನ ಬಗ್ಗೆ ತಮ್ಮ ಮನೆಯವರೇ ಹೇಳುತ್ತಿದ್ದ ಕಥೆಯನ್ನು ಬರೆದವರು. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಮನೆಯೊಳಗಿನ ಸಲಿಗೆಯ ಮಾತು ಹೊರಗಿನವರ ಬಾಯಲ್ಲಿ ಬೇರೆಯಾಗಿ ಕೇಳುತ್ತದೆ. ಇಂಥ ಪುಸ್ತಕ ಎತ್ತಿಕೊಳ್ಳುವ ಮುನ್ನ ಪೋಷಕರನ್ನು ಕರೆದು ಇಡೀ ಪುಸ್ತಕವನ್ನು ಕೈಗೆ ಕೊಡುವುದು ಒಳ್ಳೆಯದು.

ಆಡುಮಾತಿನದೂ ಇಂಥದೇ ತೊಡಕು. ಕಪ್ಪು ಜನರ ಇಂಗ್ಲಿಷಿಗೆ ಅದರದೇ ವ್ಯಾಕರಣವಿದೆ. ಕಥೆಯಲ್ಲಿ ಅದು ಬಂದಾಗ ತಪ್ಪು ತಿದ್ದುವ ಅಭ್ಯಾಸವಾಗಿ ಬಳಸಿದರೆ ಮಗುವಿನ ಅಜ್ಜಿಯನ್ನೇ ತಿದ್ದಿದಂತೆ. ಬರಹದ ಭಾಷೆಯನ್ನು ಕಲಿಸುವುದಕ್ಕೂ ಆಡುಭಾಷೆಯನ್ನು ಹಳಿಯುವುದಕ್ಕೂ ಸಂಬಂಧವಿಲ್ಲ. ಧಾರವಾಡದ ಮಾತನ್ನೋ ಕುಂದಾಪುರದ ಮಾತನ್ನೋ ಆಡುತ್ತ ಶಾಲೆಗೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೇಲರ್ ಕಾದಂಬರಿಯಲ್ಲಿರುವಂಥ ಹೀನಾಯದ ಪದಗಳನ್ನು ಗಟ್ಟಿಯಾಗಿ ಓದಬೇಕೆ ಎಂಬುದನ್ನು ಓದು ಶುರುವಾಗುವ ಮೊದಲೇ ತೀರ್ಮಾನಿಸಬೇಕು. ಕೋಣೆಯಲ್ಲಿ ಒಬ್ಬನೇ ಕಪ್ಪು ಹುಡುಗನಿದ್ದರೆ ಎಲ್ಲರೂ ಅವನತ್ತ ತಿರುಗುತ್ತಾರೆ. ಅವನನ್ನು ಇಡೀ ಜನಾಂಗದ ವಕೀಲನನ್ನಾಗಿ ಮಾಡಬಾರದು.

ಗುಲಾಮಗಿರಿಯ ಪಾಠ ಎಲ್ಲಕ್ಕಿಂತ ಸೂಕ್ಷ್ಮ. ಮಕ್ಕಳನ್ನು ಗುಲಾಮರು, ಒಡೆಯರೆಂದು ವಿಂಗಡಿಸಿ ಆಟವಾಡಿಸಿದ ಶಾಲೆಗಳು ಬಾರಿ ಬಾರಿಗೂ ಸುದ್ದಿಯಾಗಿವೆ. ಈ ಮೂರ್ಖತನಕ್ಕೆ ಒಳ್ಳೆಯ ಪುಸ್ತಕವೇ ಮದ್ದು. ಹ್ಯಾಮಿಲ್ಟನ್ ಅವರ ‘ದಿ ಪೀಪಲ್ ಕುಡ್ ಫ್ಲೈ’ (1985) ಸಂಕಲನದ ಜನಪದ ಕಥೆಗಳಲ್ಲಿ ಹತ್ತಿಯ ಹೊಲದ ಕ್ರೌರ್ಯವೂ ಇದೆ, ಹೊಲದಿಂದ ಹಾರಿಹೋಗುವ ಕನಸೂ ಇದೆ. ನಿಕೋಲ್ ಹ್ಯಾನಾ-ಜೋನ್ಸ್ ಮತ್ತು ರೆನೆ ವಾಟ್ಸನ್ ಬರೆದ ‘ಬಾರ್ನ್ ಆನ್ ದಿ ವಾಟರ್’ (2021) ಶುರುವಾಗುವುದೇ ಶಾಲೆಯ ಮನೆಗೆಲಸದಿಂದ. ವಂಶವೃಕ್ಷ ಬರೆದು ತರಲು ಹೇಳಿದಾಗ ಒಬ್ಬ ಹುಡುಗಿಗೆ ಮೂರು ತಲೆಮಾರಿನಾಚೆ ಏನೂ ಸಿಗುವುದಿಲ್ಲ. ಅಜ್ಜಿ ಅವಳಿಗೆ ಹಡಗಿಗಿಂತ ಹಿಂದಿನ, ಆಫ್ರಿಕದ ಊರು, ಭಾಷೆ, ಕಸುಬುಗಳ ಕಥೆಯಿಂದ ಆರಂಭಿಸುತ್ತಾಳೆ. ಜನರ ಚರಿತ್ರೆ ಸರಪಳಿಯಿಂದ ಶುರುವಾಗದಂತೆ ನೋಡಿಕೊಳ್ಳಬೇಕೆಂಬ ಅನುಭವಿ ಶಿಕ್ಷಕರ ಮಾತಿಗೆ ಇದು ಸರಿಹೊಂದುತ್ತದೆ.

ಕಾರ್ಟರ್ ವುಡ್ಸನ್ನರ ಚರಿತ್ರೆಯ ವಾರ ಬೇರೆ ರೀತಿಯಲ್ಲಿ ತಿರುಗಿಬಿದ್ದಿದೆ. ಫೆಬ್ರವರಿಯಲ್ಲಿ ಕಪಾಟಿನ ಮೇಲ್ಸಾಲಿಗೆ ಬಂದ ಪುಸ್ತಕಗಳು ಮಾರ್ಚಿನಲ್ಲಿ ಒಳಗೆ ಹೋಗುವ ಶಾಲೆಗಳು ಕಡಿಮೆಯಿಲ್ಲ. ಅಲ್ಲಿ ಮಕ್ಕಳಿಗೆ ಮಾರ್ಟಿನ್ ಲೂಥರ್ ಕಿಂಗ್, ರೋಸಾ ಪಾರ್ಕ್ಸ್ ಗೊತ್ತು, ಬಾಸ್ಕೆಟ್‌ಬಾಲ್ ಆಡುವ ಅವಳಿ ಹುಡುಗರ ಪದ್ಯಕಾದಂಬರಿ ‘ದಿ ಕ್ರಾಸೋವರ್’ (2014) ಗೊತ್ತಿಲ್ಲ. ಅದು ಕ್ವಾಮಿ ಅಲೆಕ್ಸಾಂಡರ್ ಅವರದು, 2015ರ ನ್ಯೂಬೆರಿ ಪಡೆದದ್ದು, ಪುಸ್ತಕವೆಂದರೆ ಓಡುವ ಹುಡುಗರನ್ನೂ ಕೂರಿಸಬಲ್ಲದು. ಕ್ರಿಸ್ಟಫರ್ ಪಾಲ್ ಕರ್ಟಿಸ್ ಅವರ ‘ದಿ ವಾಟ್ಸನ್ಸ್ ಗೋ ಟು ಬರ್ಮಿಂಗ್‌ಹ್ಯಾಮ್–1963’ (1995) ಕಾದಂಬರಿ ನಗಿಸಿ ನಗಿಸಿ ಕೊನೆಗೆ ಆ ಊರಿನ ಚರ್ಚಿನ ಬಾಂಬ್ ಸ್ಫೋಟಕ್ಕೆ ತಂದು ನಿಲ್ಲಿಸುತ್ತದೆ. ಆ ಕುಟುಂಬವನ್ನು ಅಷ್ಟು ಹೊತ್ತು ಪ್ರೀತಿಸಿದ್ದರಿಂದಲೇ ಸ್ಫೋಟ ಓದುವವರಿಗೆ ತಟ್ಟುತ್ತದೆ. ಆ ಭಾಗವನ್ನಷ್ಟೇ ಕತ್ತರಿಸಿ ಚರಿತ್ರೆಯ ಪಾಠಕ್ಕೆ ಅಂಟಿಸುವವರು ಪುಸ್ತಕವನ್ನು ಓದಿಲ್ಲ ಎಂದೇ ಹೇಳಬೇಕು.

ಈಗಿನ ಸ್ಥಿತಿ

ಮ್ಯಾಡಿಸನ್ನಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೋಆಪರೇಟಿವ್ ಚಿಲ್ಡ್ರನ್ಸ್ ಬುಕ್ ಸೆಂಟರ್ 1985ರಿಂದ ಇಂಥ ಪುಸ್ತಕಗಳ ಲೆಕ್ಕ ಇಡುತ್ತ ಬಂದಿದೆ. ಆ ವರ್ಷದ ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಲೇಖಕರ, ಕಲಾವಿದರವು 18. 2013ರಲ್ಲಿ ಕೇಂದ್ರಕ್ಕೆ ಬಂದ 3,200 ಪುಸ್ತಕಗಳಲ್ಲಿ ಕಪ್ಪು ಜನರ ಕುರಿತಾದವು 93, ಕಪ್ಪು ಜನರೇ ರಚಿಸಿದವು 68. ಮರುವರ್ಷ ಲೇಖಕ ವಾಲ್ಟರ್ ಡೀನ್ ಮೈಯರ್ಸ್ ಈ ಅಂಕಿಗಳನ್ನು ಹಿಡಿದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದ ಮೇಲೆ ಚರ್ಚೆ ಬಿಸಿಯಾಯಿತು, ಪುಸ್ತಕಗಳ ಸಂಖ್ಯೆಯೂ ಏರತೊಡಗಿತು.

ಸಂಖ್ಯೆ ಏರಿದಂತೆ ತಕರಾರೂ ಏರಿತು. 2021ರಿಂದೀಚೆಗೆ ಹಲವು ರಾಜ್ಯಗಳು ಜನಾಂಗದ ಕುರಿತ ಪಾಠಗಳಿಗೆ ಕಾನೂನಿನ ಕಡಿವಾಣ ಹಾಕಿವೆ. ಜೆರಿ ಕ್ರಾಫ್ಟ್ ಅವರ ‘ನ್ಯೂ ಕಿಡ್’ ಶ್ರೀಮಂತರ ಖಾಸಗಿ ಶಾಲೆಗೆ ಸೇರಿದ ಕಪ್ಪು ಹುಡುಗನ ಚಿತ್ರಕಾದಂಬರಿ. ಶಿಕ್ಷಕಿ ಒಬ್ಬ ಕಪ್ಪು ಹುಡುಗನನ್ನು ಇನ್ನೊಬ್ಬನ ಹೆಸರಿನಿಂದ ಕರೆಯುವಂಥ ಸಣ್ಣ ಚುಚ್ಚುಗಳನ್ನು ಅದು ನಗುತ್ತಲೇ ತೋರಿಸುತ್ತದೆ. 2020ರಲ್ಲಿ ನ್ಯೂಬೆರಿ ಪಡೆದ ಮೊದಲ ಚಿತ್ರಕಾದಂಬರಿ ಅದು. ಮರುವರ್ಷ ಟೆಕ್ಸಸ್‌ನ ಒಂದು ಶಾಲಾ ಜಿಲ್ಲೆ ದೂರಿನ ಮೇಲೆ ಅದನ್ನು ಕಪಾಟಿನಿಂದ ತೆಗೆಸಿತು, ಲೇಖಕರೊಂದಿಗಿನ ಆನ್‌ಲೈನ್ ಭೇಟಿಯನ್ನೂ ಮುಂದೂಡಿತು. ಪರಿಶೀಲನೆಯಾದ ಮೇಲೆ ಎರಡೂ ಮರಳಿದವು. 2023ರಲ್ಲಿ ಫ್ಲೋರಿಡಾದ ಮಯಾಮಿ ಪ್ರದೇಶದ ಶಾಲೆಯೊಂದರಲ್ಲಿ ಒಬ್ಬ ಪೋಷಕರ ದೂರಿನಿಂದಾಗಿ, ಕವಯಿತ್ರಿ ಅಮಾಂಡಾ ಗೋರ್ಮನ್ 2021ರ ಅಧ್ಯಕ್ಷೀಯ ಪದಗ್ರಹಣದಲ್ಲಿ ಓದಿದ್ದ ಕವನದ ಪುಸ್ತಕ ಎಳೆಯರ ವಿಭಾಗದಿಂದ ಹೊರಬಿತ್ತು. ತಾನು ಅದನ್ನು ನಿಷೇಧಿಸಿಲ್ಲ, ಹಿರಿಯ ತರಗತಿಗಳ ಕಪಾಟಿಗೆ ಸಾಗಿಸಿದ್ದೇನೆ ಅಷ್ಟೇ ಎಂದು ಶಾಲಾ ಜಿಲ್ಲೆ ವಿವರಣೆ ಕೊಟ್ಟಿತು.